ಬೆಟ್ಟ ನೋಡಲು ಬಂದವರಿಗೆ ಮುಖ ಬರೆಯಲು ಕಲಿಸುವುದು

ಕೊಡಗಿನಲ್ಲಿ ಚಿತ್ರಕಲಾ ಶಿಬಿರ ಎಂದ ಕೂಡಲೇ ಬೆಂಗಳೂರು, ಮೈಸೂರು, ಮಂಗಳೂರಿನಿಂದ ಹೊರಡುವವರ ಕಣ್ಣಿಗೆ ಕಟ್ಟುವುದು ಮಂಜು, ಕಾಫಿ ತೋಟ, ರಾಜಾಸೀಟಿನ ಸೂರ್ಯಾಸ್ತ. ಇವೆಲ್ಲವೂ ಬರೆಯಲು ಯೋಗ್ಯವಾದವೇ. ಆದರೆ ಇಲ್ಲೇ ಹುಟ್ಟಿ ಬೆಳೆದ ನನಗೆ ಬಹಳ ಕಾಲದಿಂದ ಒಂದು ಕೊರಗಿತ್ತು. ಈ ನಾಡಿನ ಚಿತ್ರಗಳಲ್ಲಿ ಬೆಟ್ಟವಿರುತ್ತದೆ, ಜನರಿರುವುದಿಲ್ಲ. ಇದ್ದರೂ ಕೊಡೆ ಹಿಡಿದು ದೂರದಲ್ಲಿ ನಡೆದುಹೋಗುವ ಒಂದು ಚುಕ್ಕೆಯಾಗಿರುತ್ತಾರೆ. ಈ ಬೆಟ್ಟದ ಬದುಕನ್ನು ನಡೆಸುತ್ತಿರುವವರ ಮುಖ ಯಾರ ಕಾಗದದಲ್ಲೂ ಇಲ್ಲವಲ್ಲ ಎನ್ನಿಸಿದ್ದರಿಂದಲೇ ನಾನು ಜಲವರ್ಣ ಭಾವಚಿತ್ರದ ಶಿಬಿರ ಶುರು ಮಾಡಿದೆ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ಆಗಿ ನಿವೃತ್ತಳಾದ ಮೇಲೆ, ಭಾಗಮಂಡಲದ ದಾರಿಯಲ್ಲಿರುವ ನಮ್ಮ ಮನೆಯ ಜಗಲಿಯಲ್ಲೇ ಇದು ನಡೆಯುತ್ತದೆ. ನಿಮ್ಮ ಊರಿನಲ್ಲೂ ಇಂಥದ್ದೊಂದನ್ನು ನಡೆಸುವ ಮನಸ್ಸಿದ್ದರೆ, ನನಗೆ ಗೊತ್ತಿರುವುದನ್ನೆಲ್ಲ ಇಲ್ಲಿ ಹೇಳುತ್ತೇನೆ.

ಮೊದಲೇ ಒಂದು ಮಾತು. ಭಾವಚಿತ್ರದ ಶಿಬಿರದಲ್ಲಿ ಎಲ್ಲರಿಗಿಂತ ಮುಖ್ಯರಾದವರು ಕಲಿಯಲು ಬಂದವರಲ್ಲ, ಕಲಿಸುವವರೂ ಅಲ್ಲ. ಕುರ್ಚಿಯಲ್ಲಿ ಕುಳಿತು ತಮ್ಮ ಮುಖವನ್ನು ನಮಗೆ ಒಪ್ಪಿಸುವವರು. ದಿನಾಂಕ, ಜಾಗ, ಬೆಳಕು, ಊಟ, ಹಣ, ಎಲ್ಲವನ್ನೂ ಅವರನ್ನು ಮುಂದಿಟ್ಟುಕೊಂಡೇ ತೀರ್ಮಾನಿಸಿ. ಹಾಗೆ ಮಾಡಿದ ಶಿಬಿರಗಳಲ್ಲಿ ಚಿತ್ರಗಳೂ ಚೆನ್ನಾಗಿ ಬರುತ್ತವೆ.

ಯಾವಾಗ

ನನ್ನ ಲೆಕ್ಕದಲ್ಲಿ ಕೊಡಗಿಗೆ ಸರಿಯಾದ ಕಾಲ ಒಂದೇ. ತಲಕಾವೇರಿಯ ತೀರ್ಥೋದ್ಭವ ಮುಗಿದ ಮೇಲೆ, ಸುಗ್ಗಿಯ ಹಬ್ಬ ಹುತ್ತರಿಗೆ ಮುಂಚೆ. ಅಂದರೆ ಅಕ್ಟೋಬರ್ ಮಧ್ಯದಿಂದ ನವೆಂಬರ್ ಮೂರನೆಯ ವಾರದವರೆಗೆ.

ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ. ಮಳೆಗಾಲದ ಕೊಡಗು ಚೆಂದ ಎಂದು ಆ ದಿನಗಳಲ್ಲೇ ಶಿಬಿರ ಇಡಿ ಎನ್ನುವವರಿದ್ದಾರೆ. ದಯವಿಟ್ಟು ಬೇಡ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದು ರಸ್ತೆಗಳೇ ಕಡಿದುಹೋದದ್ದನ್ನು ಇಲ್ಲಿಯವರು ಮರೆತಿಲ್ಲ. ಹೊರಗಿನಿಂದ ಜನರನ್ನು ಕರೆಸಿಕೊಳ್ಳುವವರು ಅವರ ಕ್ಷೇಮಕ್ಕೂ ಹೊಣೆಗಾರರು. ಅದಲ್ಲದೆ ಆ ತಿಂಗಳುಗಳಲ್ಲಿ ಕಾಗದ ಒಣಗುವುದೇ ಇಲ್ಲ.

ನವೆಂಬರ್ ಕೊನೆಗೆ ಅರೇಬಿಕಾ ಕೊಯ್ಲು ಬಿರುಸಾಗುತ್ತದೆ, ಹೊಸ ವರ್ಷಕ್ಕೆ ರೋಬಸ್ಟಾ. ಆಗ ಕಣದ ತುಂಬ ಕಾಫಿ ಹರಡಿರುತ್ತದೆ, ಮನೆಯವರಿಗೂ ಕೆಲಸದವರಿಗೂ ಉಸಿರಾಡಲು ಪುರುಸೊತ್ತಿರುವುದಿಲ್ಲ. ದಿನಕ್ಕೆ ಇಷ್ಟು ಕಿಲೋ ಎಂದು ಕೂಲಿ ಎಣಿಸುವ ಹೆಂಗಸನ್ನು ಆ ದಿನಗಳಲ್ಲಿ ಕುರ್ಚಿಯ ಮೇಲೆ ಕೂರಿಸುವುದು ಅನ್ಯಾಯ. ಮಾರ್ಚ್–ಏಪ್ರಿಲ್‌ನಲ್ಲಿ ಕಾಫಿ ಹೂವಿನ ಸಮಯಕ್ಕೆ ಇಡೋಣವೆಂದರೆ, ಹೂಮಳೆ ಬಿದ್ದ ಒಂದು ವಾರ ಹತ್ತು ದಿನಕ್ಕೆ ಅರಳುವ ಹೂವಿಗೆ ತಾರೀಖು ಗೊತ್ತು ಮಾಡಲು ಯಾರಿಂದಲೂ ಆಗದು.

ಅಕ್ಟೋಬರ್‌ನಲ್ಲೂ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುವುದುಂಟು. ಆದ್ದರಿಂದ ಮೊದಲ ಮಧ್ಯಾಹ್ನದ ಅಭ್ಯಾಸ ಬಿಟ್ಟರೆ ಮುಖ ನೋಡಿ ಬರೆಯುವ ಕೆಲಸವೆಲ್ಲ ಬೆಳಗಿನ ಒಂಬತ್ತರಿಂದ ಹನ್ನೆರಡೂವರೆಯ ಒಳಗೆ ಮುಗಿಯಲಿ. ಜಿಲ್ಲೆಗೆ ರೈಲಿಲ್ಲ, ಎಲ್ಲರೂ ರಸ್ತೆಯಲ್ಲೇ ಬರಬೇಕು. ಕುಶಾಲನಗರ ದಾಟಿದ ಮೇಲಿನ ತಿರುವುಗಳಲ್ಲಿ ಅರ್ಧ ಜನರಿಗೆ ತಲೆ ಸುತ್ತಿರುತ್ತದೆ. ರಾತ್ರಿ ಬಸ್ಸಿನಲ್ಲಿ ಬಂದವರಿಗೆ ಮೊದಲ ದಿನ ಬೆಳಿಗ್ಗೆಯೇ ಕುಂಚ ಕೊಡಬೇಡಿ. ಮಧ್ಯಾಹ್ನ ಶುರು ಮಾಡಿ, ಮರುದಿನವೂ ಅದರ ಮರುದಿನವೂ ಪೂರ್ತಿ ಇಟ್ಟುಕೊಳ್ಳಿ. ಎರಡೂವರೆ ದಿನ ಸಾಕು. ಹನ್ನೆರಡು ಜನಕ್ಕಿಂತ ಹೆಚ್ಚು ಸೇರಿಸಿಕೊಳ್ಳಬೇಡಿ. ನಾಲ್ಕು ಜನಕ್ಕೆ ಒಬ್ಬರಂತೆ ಮೂವರು ಕೂರುವವರು ಬೇಕಾಗುತ್ತಾರೆ.

ಕೂರುವವರು

ಇವರನ್ನು ಒಂದು ತಿಂಗಳು ಮೊದಲೇ ಹೋಗಿ ಕೇಳಿ, ಫೋನಿನಲ್ಲಿ ಕೇಳಬೇಡಿ. ಮನೆಗೆ ಹೋಗಿ, ಕುಳಿತು, ಕೊಟ್ಟ ಕಾಫಿ ಕುಡಿದು, ಏನು ಮಾಡುತ್ತೇವೆ, ಎಷ್ಟು ಹೊತ್ತು ಕೂರಬೇಕಾಗುತ್ತದೆ, ಯಾರ್ಯಾರು ನೋಡುತ್ತಾರೆ ಎಂದು ಬಿಡಿಸಿ ಹೇಳಿ. ಕೊಡಗಿನಲ್ಲಿ ಒಂದೇ ರಸ್ತೆಯ ಮನೆಗಳಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ಎರವರ ಮಾತು ಎಲ್ಲವೂ ಕೇಳುತ್ತವೆ. ಅವರ ಮಾತಿನಲ್ಲೇ ವಿವರಿಸಬಲ್ಲ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಫೋಟೋ ತೆಗೆಯಬಹುದೇ ಎಂಬುದು ಒಂದು ಪ್ರಶ್ನೆ, ಅದನ್ನು ಫೇಸ್‌ಬುಕ್‌ಗೋ ಇನ್‌ಸ್ಟಾಗ್ರಾಮ್‌ಗೋ ಹಾಕಬಹುದೇ ಎಂಬುದು ಇನ್ನೊಂದು. ಎರಡನ್ನೂ ಬೇರೆ ಬೇರೆಯಾಗಿ ಕೇಳಿ. ಮೊದಲನೆಯದಕ್ಕೆ ಹೂಂ ಎಂದವರು ಎರಡನೆಯದಕ್ಕೆ ಬೇಡ ಎನ್ನುವುದು ಸಾಮಾನ್ಯ, ಆ ಮಾತನ್ನು ಶಿಬಿರಕ್ಕೆ ಬಂದ ಪ್ರತಿಯೊಬ್ಬರೂ ಪಾಲಿಸಬೇಕು.

ನನ್ನ ಜಗಲಿಯಲ್ಲಿ ಕುಳಿತವರಲ್ಲಿ ನಿವೃತ್ತ ಸುಬೇದಾರರಿದ್ದಾರೆ, ತೋಟದ ಲೆಕ್ಕ ಬರೆದು ಕಣ್ಣು ಮಂಜಾದ ರೈಟರ್ ಇದ್ದಾರೆ, ತೋಟದ ಕೆಲಸದವರ ಸಾಲುಮನೆಯಾದ ಲೈನ್‌ಮನೆಯ ಅಕ್ಕಂದಿರಿದ್ದಾರೆ, ಪಕ್ಕದ ಮನೆಯ ಅಜ್ಜಿ ಇದ್ದಾರೆ. ತೋಟದ ಯಜಮಾನರೇ ಇರಲಿ, ತೋಟದಲ್ಲಿ ಕೆಲಸ ಮಾಡುವವರೇ ಇರಲಿ, ಎಲ್ಲರಿಗೂ ಒಂದೇ ಮೊತ್ತದ ಲಕೋಟೆ. ಅದು ಒಂದು ದಿನದ ಕೂಲಿಗಿಂತ ಕಡಿಮೆ ಇರಕೂಡದು, ಕೂತದ್ದು ಎರಡೇ ತಾಸಾದರೂ ಸರಿ. ‘ನನಗೇಕೆ ದುಡ್ಡು’ ಎನ್ನುವ ಯಜಮಾನರಿಗೂ ಕೊಡಿ, ಅವರು ಯಾರಿಗೆ ಬೇಕಾದರೂ ಕೊಟ್ಟುಕೊಳ್ಳಲಿ. ಶಿಬಿರದ ಶುಲ್ಕ ಗೊತ್ತು ಮಾಡುವಾಗ ಈ ಹಣವನ್ನು ಮೊದಲು ಬರೆದುಕೊಳ್ಳಿ, ಕಾಗದ, ಊಟ, ನಿಮ್ಮ ಸಂಭಾವನೆ ಎಲ್ಲ ಆಮೇಲೆ.

ಬುಡಕಟ್ಟು ಜನರ ಹಾಡಿಗಳಿಗೆ ಹೋಗಿ ಎರವರನ್ನೋ ಜೇನುಕುರುಬರನ್ನೋ ‘ಒಳ್ಳೆಯ ಮುಖ’ ಎಂದು ಹುಡುಕಿ ತರುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಪರಿಚಯವಿಲ್ಲದ ಹನ್ನೆರಡು ಜನ ತಮ್ಮನ್ನೇ ದಿಟ್ಟಿಸಿ ನೋಡುವುದು ಯಾರಿಗೂ ಸುಲಭವಲ್ಲ. ನಿಮ್ಮನ್ನು ಬಲ್ಲವರು, ಬೇಡ ಎನ್ನಲು ನಿಮ್ಮೆದುರು ಸಂಕೋಚಪಡದವರು, ಅಂಥವರನ್ನೇ ಕೇಳಿ.

ಉಡುಗೆಯ ಬಗ್ಗೆಯೂ ಖಡಾಖಂಡಿತವಾಗಿ ಹೇಳುತ್ತೇನೆ. ಬಂದವರಿಗೆ ಕೊಡವ ಗಂಡಸರ ಕುಪ್ಯ (ಉದ್ದನೆಯ ನಿಲುವಂಗಿ), ಚೇಲೆ (ಜರಿಯ ಕೆಂಪು ನಡುಪಟ್ಟಿ), ಮಂಡೆತುಣಿಯ (ಪೇಟ) ಮೇಲೆ ಆಸೆ. ಸುಬೇದಾರರು ತಾವಾಗಿಯೇ ಕುಪ್ಯ ತೊಟ್ಟು, ಚೇಲೆ ಕಟ್ಟಿ, ಪೀಚೆಕತ್ತಿ ಎಂಬ ಕಿರುಗತ್ತಿ ಸಿಕ್ಕಿಸಿಕೊಂಡು ಬಂದರೆ ಅದು ಅವರ ಗೌರವದ ಉಡುಗೆ, ಸಂತೋಷದಿಂದ ಬರೆಯೋಣ. ಆದರೆ ಚಿತ್ರಕ್ಕೆ ಚೆನ್ನಾಗಿರುತ್ತದೆಂದು ಬೇರೆಯವರಿಗೆ ಅದನ್ನು ತೊಡಿಸಿ ಕೂರಿಸಬಾರದು. ಅಜ್ಜಿ ದಿನವೂ ಉಡುವ ನೈಟಿ, ಮೇಲೊಂದು ಸ್ವೆಟರ್, ತಲೆಗೆ ಕಟ್ಟಿದ ವಸ್ತ್ರ ಚಿತ್ರಕ್ಕೆ ಧಾರಾಳ ಸಾಕು. ಕನ್ನಡಕ ತೆಗೆಯಲೇ ಎಂದು ಎಲ್ಲರೂ ಕೇಳುತ್ತಾರೆ. ದಿನವೂ ಹಾಕುವವರಾದರೆ ಇರಲಿ ಎನ್ನಿ. ಕನ್ನಡಕವಿಲ್ಲದ ತಮ್ಮ ಚಿತ್ರವನ್ನು ಕೊನೆಗೆ ಅವರೇ ಗುರುತಿಸಲಾರರು.

ಇಪ್ಪತ್ತು ನಿಮಿಷ ಕೂತರೆ ಹತ್ತು ನಿಮಿಷ ಬಿಡುವು. ಬೆನ್ನಿಗೆ ಒರಗುವ ಕುರ್ಚಿ, ಕಾಲಿಗೊಂದು ಮಣೆ, ಕುಡಿಯಲು ಬೆಲ್ಲದ ಕಾಫಿ. ಕುರ್ಚಿಯ ಕಾಲು, ಅವರ ಚಪ್ಪಲಿ ಇದ್ದ ಜಾಗಕ್ಕೆ ಚಾಕಿನಿಂದ ಗುರುತು ಹಾಕಿದರೆ ಎದ್ದು ಬಂದ ಮೇಲೆ ಮತ್ತೆ ಹಾಗೆಯೇ ಕೂರಬಹುದು. ದಿನಕ್ಕೆ ಎರಡು ತಾಸಿಗಿಂತ ಹೆಚ್ಚು ಯಾರನ್ನೂ ಕೂರಿಸಬೇಡಿ. ಅವರ ಸ್ನೇಹಿತರನ್ನೋ ನೆರೆಯವರನ್ನೋ ಕರೆದು, ಅವರ ಕಣ್ಣು ಹೋಗುವ ದಿಕ್ಕಿನಲ್ಲಿ ಕೂರಿಸಿ ಮಾತಾಡಲು ಬಿಡಿ. ಮಾತಾಡಿದರೆ ಮುಖ ಅಲುಗುತ್ತದಲ್ಲ ಎಂದು ಕಲಿಯುವವರು ಗೊಣಗುತ್ತಾರೆ. ಅಲುಗಲಿ. ಮೆಣಸಿನ ರೇಟಿನ ಬಗ್ಗೆ ಮಾತಾಡುವ ಮುಖದಲ್ಲಿ ಇರುವ ಜೀವ, ಗೋಡೆ ನೋಡುತ್ತ ಬಿಗಿದುಕೊಂಡ ಮುಖದಲ್ಲಿ ಇರುವುದಿಲ್ಲ.

ಬೆಳಕು

ಮೋಡ ಕವಿದ ದಿನದಲ್ಲಿ ಅಂಗಳದ ನಡುವೆ ಕೂರಿಸಿದರೆ ಮುಖದಲ್ಲಿ ನೆರಳೇ ಬೀಳುವುದಿಲ್ಲ. ನೆರಳಿಲ್ಲದ ಮುಖದಲ್ಲಿ ಹೊಸಬರಿಗೆ ಹಿಡಿಯಲು ಏನೂ ಸಿಗದು. ಬಿಸಿಲಿದ್ದರೆ ಕಣ್ಣು ಕಿರಿದಾಗುತ್ತದೆ. ನಮ್ಮ ಕಡೆಯ ಹಳೆಯ ಮನೆಗಳ ಜಗಲಿಯೇ ಇದಕ್ಕೆ ಹೇಳಿ ಮಾಡಿಸಿದ ಜಾಗ. ಕೊಡವ ಕುಟುಂಬಗಳ ಮೂಲಮನೆಯಾದ ಐನ್‌ಮನೆಯ ಕೈಯಾಲೆ, ಅಂದರೆ ಮುಂದಿನ ಜಗಲಿ, ಸಿಕ್ಕರಂತೂ ಭಾಗ್ಯ. ಮೇಲಿನಿಂದ ಮಾಡು ಇಳಿದು ಬೆಳಕನ್ನು ತಡೆಯುತ್ತದೆ, ಒಂದು ಪಕ್ಕದಿಂದ ಮಾತ್ರ ಅಂಗಳದ ಬೆಳಕು ಬರುತ್ತದೆ. ಮುಖದ ಅರ್ಧ ಬೆಳಗಿ, ಉಳಿದ ಅರ್ಧ ನಿಧಾನವಾಗಿ ನೆರಳಿಗೆ ತಿರುಗುತ್ತದೆ. ಉತ್ತರಕ್ಕೆ ಮುಖ ಮಾಡಿದ ಜಗಲಿಯಾದರೆ ಬೆಳಗಿನಿಂದ ಮಧ್ಯಾಹ್ನದ ತನಕ ಬೆಳಕು ಹೆಚ್ಚು ಬದಲಾಗದು.

ಇಲ್ಲಿ ಒಂದು ಸಂಗತಿಯನ್ನು ಹತ್ತಿರದಿಂದ ತೋರಿಸಿ. ನಮ್ಮ ಜಗಲಿಯದು ರೆಡ್ ಆಕ್ಸೈಡ್ ನೆಲ. ಹೊರಗಿನ ಬೆಳಕು ಆ ನೆಲಕ್ಕೆ ಬಡಿದು ಮೇಲೆ ಹಾರಿ, ಗದ್ದದ ಅಡಿಗೆ, ಮೂಗಿನ ಕೆಳಗೆ, ಹುಬ್ಬಿನ ಗೂಡಿಗೆ ಒಂದು ಕೆಂಪು ಕೊಡುತ್ತದೆ. ಗದ್ದದ ಅಡಿ ಎಂದರೆ ಕತ್ತಲೆ ಎಂದು ಕಪ್ಪು ಕಲಸಲು ಹೊರಟವರನ್ನು ತಡೆದು, ಒಂದು ಬಿಳಿ ಕಾಗದದ ಚೂರನ್ನು ಕೂತವರ ಗದ್ದದ ಕೆಳಗೆ ಹಿಡಿದು ತೋರಿಸುತ್ತೇನೆ. ಬಿಳಿ ಕಾಗದ ಕೆಂಪಾಗಿ ಕಾಣುತ್ತದೆ. ಅದೇ ಕುರ್ಚಿಯನ್ನು ಎತ್ತಿ ಸಿಲ್ವರ್ ಓಕ್ ಮರದ ಕೆಳಗೆ, ಕಾಫಿ ಗಿಡಗಳ ನಡುವೆ ಇಟ್ಟರೆ ಅದೇ ಕಾಗದಕ್ಕೆ, ಅದೇ ಗದ್ದಕ್ಕೆ ಹಸಿರು ಬರುತ್ತದೆ. ಈ ಒಂದು ಕಾಗದದ ಚೂರು ಮಾಡುವಷ್ಟು ಕೆಲಸವನ್ನು ಒಂದು ಗಂಟೆಯ ಪಾಠ ಮಾಡುವುದಿಲ್ಲ. ಮುಖಕ್ಕೆ ತನ್ನದೇ ಆದ ಒಂದು ಬಣ್ಣ ಎಂಬುದಿಲ್ಲ, ಅದು ಕೂತ ಜಾಗದಿಂದಲೂ ಬರುತ್ತದೆ ಎಂಬುದು ಅವರಿಗೆ ಆ ಕ್ಷಣದಲ್ಲೇ ಹೊಳೆಯುತ್ತದೆ.

ಕಾಗದ, ತೇವ, ಬಣ್ಣ

ಕಾಗದದ ವಿಷಯದಲ್ಲಿ ಉಳಿತಾಯ ಬೇಡ. 300 ಜಿಎಸ್‌ಎಮ್, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಕಾಗದ, ನೂರಕ್ಕೆ ನೂರು ಹತ್ತಿಯದು, ಕೋಲ್ಡ್ ಪ್ರೆಸ್ (ತುಸು ತರಿಯಾದ ಮೈಯದು). 22×30 ಇಂಚಿನ ಪೂರ್ತಿ ಹಾಳೆ ಕೊಂಡು ನಾಲ್ಕಾಗಿ ಕತ್ತರಿಸಿದರೆ 11×15 ಇಂಚು ಸಿಗುತ್ತದೆ, ಅದೇ ಸರಿಯಾದ ಅಳತೆ. ಮುಖ ಅಂಗೈಯಷ್ಟು ಬಂದರೆ ಸಾಕು. ಮರದ ತಿರುಳಿನ ಅಗ್ಗದ ಕಾಗದದಲ್ಲಿ ಎರಡನೆಯ ಲೇಪ ಹಾಕುವಾಗ ಮೊದಲನೆಯದು ಎದ್ದು ಬರುತ್ತದೆ, ಕಲಿಯುವವರು ತಪ್ಪು ತಮ್ಮದೆಂದು ಕುಗ್ಗುತ್ತಾರೆ.

ಕೊಡಗಿನ ತೇವದಲ್ಲಿ ಕಾಗದ ಕೆಡುವ ಬಗೆ ಬೇರೆ. ಜಲವರ್ಣದ ಕಾಗದಕ್ಕೆ ಜೆಲಟಿನ್‌ನಂಥ ಒಂದು ಅಂಟನ್ನು ಉಣಿಸಿರುತ್ತಾರೆ, ಬಣ್ಣ ಮೇಲೆ ನಿಲ್ಲುವುದು ಅದರಿಂದ. ಒಂದು ಮಳೆಗಾಲ ಬೀರುವಿನಲ್ಲಿ ಬಿಚ್ಚಿಟ್ಟ ಕಾಗದದಲ್ಲಿ ಆ ಅಂಟು ಅಲ್ಲಲ್ಲಿ ಸತ್ತಿರುತ್ತದೆ. ನೋಡಲು ಬಿಳಿಯಾಗಿಯೇ ಇರುತ್ತದೆ, ಬಣ್ಣ ಹಾಕಿದಾಗ ಮಾತ್ರ ಬ್ಲಾಟಿಂಗ್ ಪೇಪರಿನ ಹಾಗೆ ಹೀರಿಕೊಂಡು ಮುಖದ ತುಂಬ ಕಲೆ ಏಳುತ್ತದೆ. ಆದ್ದರಿಂದ ಶಿಬಿರದ ಹಿಂದಿನ ದಿನ ಪ್ರತಿ ಹಾಳೆಯ ಮೂಲೆಗೆ ಬರೀ ನೀರು ಸವರಿ ಓರೆಯಾಗಿ ನೋಡಿ. ನೀರು ಒಂದೇ ಸಮನೆ ಹೊಳೆಯುತ್ತ ನಿಂತರೆ ಒಳ್ಳೆಯ ಕಾಗದ. ಅಲ್ಲಲ್ಲಿ ಕಪ್ಪು ಚುಕ್ಕೆಗಳಾಗಿ ಇಂಗಿದರೆ ಅದನ್ನು ಪೆನ್ಸಿಲ್ ಅಭ್ಯಾಸಕ್ಕೆ ಬಿಡಿ. ಉಳಿದ ಕಾಗದವನ್ನು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಚೀಲಗಳೊಂದಿಗೆ ಇಡಿ.

ಒಣಗಿಸಲು ಹೇರ್ ಡ್ರೈಯರ್ ತಂದವರಿಗೆ ಇಲ್ಲಿಯ ಕರೆಂಟು ಕೈಕೊಡುತ್ತದೆ, ಮನೆಯ ಯುಪಿಎಸ್‌ಗೆ ಅದನ್ನು ಎಳೆಯುವ ಶಕ್ತಿಯಿಲ್ಲ. ಅದಕ್ಕಿಂತ ಒಳ್ಳೆಯ ಉಪಾಯ, ಒಬ್ಬೊಬ್ಬರಿಗೂ ಎರಡು ಬೋರ್ಡು ಕೊಡುವುದು. ಒಂದರ ಮೇಲಿನ ಲೇಪ ಆರುವಾಗ ಅದೇ ಮುಖವನ್ನು ಇನ್ನೊಂದರಲ್ಲಿ ಶುರು ಮಾಡಲಿ. ಎರಡನೆಯದು ಸಾಮಾನ್ಯವಾಗಿ ಮೊದಲನೆಯದಕ್ಕಿಂತ ಸಲೀಸಾಗಿ ಬರುತ್ತದೆ, ಒದ್ದೆ ಕಾಗದವನ್ನು ಕೆದಕುವ ಚಪಲವೂ ತಪ್ಪುತ್ತದೆ. ಊಟದ ಬಳಿಕ ಎಲ್ಲರೂ ಸೋಪು ಹಾಕಿ ಕೈ ತೊಳೆಯಲಿ. ಅಕ್ಕಿರೊಟ್ಟಿಯ ತುಪ್ಪದ ಬೆರಳು ತಾಗಿದ ಕಡೆ ಬಣ್ಣ ಹಿಡಿಯುವುದಿಲ್ಲ.

ಬಣ್ಣ ಐದು ಸಾಕು: ಯೆಲ್ಲೋ ಓಕರ್ (ಮಣ್ಣಿನ ಹಳದಿ), ಬರ್ನ್ಟ್ ಸಿಯೆನ್ನಾ (ಕೆಂಪು ಕಂದು), ಪರ್ಮನೆಂಟ್ ರೋಸ್ (ಗುಲಾಬಿ ಕೆಂಪು), ಅಲ್ಟ್ರಾಮರೀನ್ (ಗಾಢ ನೀಲಿ), ಸೆರೂಲಿಯನ್ (ಆಕಾಶ ನೀಲಿ). ಕೆಂಪಿನಲ್ಲಿ ಅಲಿಜರಿನ್ ಕ್ರಿಮ್ಸನ್‌ನ ಹಳೆಯ ಬಗೆ ಬೆಳಕಿಗೆ ಮಾಸುತ್ತದೆ. ಕೂತವರ ಮನೆಗೆ ಕೊಡುವ ಚಿತ್ರದಲ್ಲಿ ಅವರ ಕೆನ್ನೆ ಕೆಲವು ವರ್ಷಗಳಲ್ಲಿ ಬಿಳಿಚಿಕೊಳ್ಳಬಾರದಲ್ಲ, ಹಾಗಾಗಿ ರೋಸ್. ಮೈಬಣ್ಣ ಎಂದು ಹೆಸರು ಹಚ್ಚಿ ಮಾರುವ ಟ್ಯೂಬನ್ನು ಶಿಬಿರದ ಮೊದಲ ದಿನವೇ ಎಲ್ಲರಿಂದ ತೆಗೆದಿರಿಸುತ್ತೇನೆ. ಆ ಬಣ್ಣದ ಮೈ ನಮ್ಮ ಊರಿನಲ್ಲಿ ಯಾರಿಗೂ ಇಲ್ಲ. ಕಪ್ಪು, ಬಿಳಿ ಟ್ಯೂಬುಗಳೂ ಪೆಟ್ಟಿಗೆಯಲ್ಲೇ ಇರಲಿ. ದುಂಡು ಕುಂಚಗಳಲ್ಲಿ 12, 8, 4 ಸಾಕು, ಸಿಂಥೆಟಿಕ್ ಆದರೂ ನಡೆಯುತ್ತದೆ.

ಬರುವವರಿಗೆ ಮೊದಲೇ ಹೇಳಬೇಕಾದ್ದು ಇನ್ನೊಂದಿದೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ಹೆಣ್ಣಿನ ಚಿತ್ರವಿದೆ. ಬಹಳ ಜನ ಅದನ್ನು ರವಿವರ್ಮನದೆಂದು ತಿಳಿದಿದ್ದಾರೆ, ಅದು ಎಸ್. ಎಲ್. ಹಳದಣಕರ್ ಅವರದು. ಎಣ್ಣೆಬಣ್ಣವೆಂದೂ ತಿಳಿಯುತ್ತಾರೆ, ಅದು ಜಲವರ್ಣ. ಅವರ ಮಗಳೇ ಅದಕ್ಕೆ ನಿಂತಿದ್ದರು. ದೀಪದ ಬೆಳಕು ಬೆರಳುಗಳ ಮೂಲಕ ಹಾದು ಕೆಂಪಾಗಿ ಹೊಳೆಯುವುದನ್ನು ಮಡಿಕೇರಿಗೆ ಬರುವ ದಾರಿಯಲ್ಲಿ ಇಳಿದು ನೋಡಿ ಬನ್ನಿ ಎಂದು ಎಲ್ಲರಿಗೂ ಹೇಳುತ್ತೇನೆ. ನೀರಿನ ಬಣ್ಣದಿಂದ ಮುಖ ಬರೆಯಲು ಆಗದು ಎಂಬ ಅಳುಕು ಅಲ್ಲೇ ಹೋಗಿಬಿಡುತ್ತದೆ.

ಮೊದಲ ಮಧ್ಯಾಹ್ನ: ಕಣ್ಣಿಲ್ಲದ ಮುಖ

ತೋಟದ ರಸ್ತೆಯಲ್ಲಿ ಬೆಳಗಿನ ಮಂಜಿನೊಳಗೆ ಯಾರೋ ಬರುತ್ತಿರುತ್ತಾರೆ. ಮುಖ ಕಾಣಿಸುವ ಮೊದಲೇ ಇಂಥವರೇ ಎಂದು ನಮಗೆ ಗೊತ್ತಾಗುತ್ತದೆ. ಒಂದು ಭುಜ ತುಸು ಇಳಿದಿರುವುದು, ಕುತ್ತಿಗೆ ಮುಂದಕ್ಕೆ ಬಾಗಿರುವುದು, ತಲೆಗೆ ಕಟ್ಟಿದ ಬಟ್ಟೆಯ ಆಕಾರ, ಇಷ್ಟರಿಂದಲೇ ಗುರುತು ಸಿಗುತ್ತದೆ. ಹೋಲಿಕೆ ಇರುವುದು ಇಲ್ಲಿ, ರೆಪ್ಪೆಯ ಕೂದಲಿನಲ್ಲಿ ಅಲ್ಲ.

ಆದ್ದರಿಂದ ಮೊದಲ ಮಧ್ಯಾಹ್ನ ಕಣ್ಣು, ಮೂಗು, ಬಾಯಿ ಬರೆಯಲು ಬಿಡುವುದಿಲ್ಲ. ಅಲ್ಟ್ರಾಮರೀನ್ ಮತ್ತು ಬರ್ನ್ಟ್ ಸಿಯೆನ್ನಾ ಬೆರೆಸಿದ ಒಂದೇ ಬೂದುಬಣ್ಣ, ಒಂದೇ ದೊಡ್ಡ ಕುಂಚ, ಪೆನ್ಸಿಲ್ ಇಲ್ಲ. ಕೂತವರ ತಲೆ, ಕುತ್ತಿಗೆ, ಭುಜಗಳನ್ನು ಒಂದೇ ಆಕಾರವಾಗಿ ಐದು ನಿಮಿಷದಲ್ಲಿ ತುಂಬಬೇಕು. ಹೀಗೆ ಮೂವರನ್ನೂ, ಒಬ್ಬೊಬ್ಬರನ್ನು ಎರಡು ಮೂರು ಸಲ. ಮುಗಿದ ಮೇಲೆ ಹಾಳೆಗಳನ್ನೆಲ್ಲ ಹಗ್ಗಕ್ಕೆ ಕ್ಲಿಪ್ ಹಾಕಿ ತೂಗುಬಿಟ್ಟು, ಕೂತವರನ್ನೇ ಕರೆದು ‘ಇದರಲ್ಲಿ ನೀವು ಯಾರು?’ ಎಂದು ಕೇಳಿ. ಅವರು ಬೆರಳು ತೋರಿಸಿದ ಹಾಳೆಯೇ ಆ ದಿನದ ಗೆದ್ದ ಹಾಳೆ. ಬರೆದವರಿಗೆ ಬರುವ ಧೈರ್ಯ ನೋಡಬೇಕು!

ಗೆರೆ

ಮರುದಿನ ಬೆಳಿಗ್ಗೆ ಪೆನ್ಸಿಲ್. ಕೂತವರಿಂದ ಐದಾರು ಅಡಿ ದೂರ. ಕಣ್ಣಿನ ಸಾಲು ತಲೆಯ ಎತ್ತರದ ಅರ್ಧಕ್ಕೆ, ಎರಡು ಕಣ್ಣುಗಳ ನಡುವೆ ಒಂದು ಕಣ್ಣಿನಷ್ಟು ಜಾಗ, ಹುಬ್ಬಿನಿಂದ ಮೂಗಿನ ತುದಿಯ ಮಟ್ಟದವರೆಗೆ ಕಿವಿ, ಈ ಅಳತೆಗಳನ್ನು ಹೇಳಿಕೊಡಿ. ಹೇಳಿದ ಕೂಡಲೇ ಇವು ಎಲ್ಲಿ ತಪ್ಪುತ್ತವೆ ಎಂಬುದನ್ನೂ ತೋರಿಸಿ. ಹಲ್ಲು ಉದುರಿದ ಅಜ್ಜಿಯ ಮೂಗಿಗೂ ಗದ್ದಕ್ಕೂ ನಡುವಿನ ದೂರ ಕುಗ್ಗಿರುತ್ತದೆ. ವಯಸ್ಸಾದಂತೆ ಕಿವಿ ಉದ್ದವಾಗುತ್ತದೆ, ಭಾರದ ಓಲೆ ತೊಟ್ಟ ಹಾಲೆ ಇನ್ನಷ್ಟು ಜೋತಿರುತ್ತದೆ. ಪುಸ್ತಕದ ಅಳತೆಗೆ ಅಜ್ಜಿಯನ್ನು ಹೊಂದಿಸಿದರೆ ಅವರ ಮಗಳ ಚಿತ್ರ ಬರುತ್ತದೆ.

ಕುಂಚವನ್ನು ನೇರವಾಗಿ ತೂಗುಹಿಡಿದು, ಕಣ್ಣಿನ ಒಳಮೂಲೆಯ ಕೆಳಗೆ ಮೂಗಿನ ಹೊಳ್ಳೆ ಬರುತ್ತದೆಯೇ, ಬಾಯಿಯ ಕೊನೆ ಎಲ್ಲಿ ಬರುತ್ತದೆ ಎಂದು ನೋಡಲು ಕಲಿಸಿ. ರಬ್ಬರ್ ಜೋರಾಗಿ ಉಜ್ಜಿದರೆ ಕಾಗದದ ಮೈ ಕಿತ್ತುಬರುತ್ತದೆ, ಒತ್ತಿ ತೆಗೆಯುವ ಮೆದು ರಬ್ಬರ್ ಕೊಡಿ.

ಲೇಪ

ಈ ಭಾಗಕ್ಕೆ ಹೆಚ್ಚು ಸಮಯ ಇಟ್ಟುಕೊಳ್ಳಿ. ಮೊದಲು ನೀವು ಎಲ್ಲರೆದುರು ಒಂದು ಮುಖ ಬರೆದು ತೋರಿಸಿ, ಮುಕ್ಕಾಲು ಗಂಟೆ ಮೀರದಂತೆ. ಬಾಯಿಯಿಂದ ಹೇಳುತ್ತ ಬರೆಯಿರಿ: ಈಗ ಏನು ನೋಡಿದೆ, ಏಕೆ ಈ ನೀರು ಬೆರೆಸಿದೆ, ಎಲ್ಲಿ ಕೈ ತಡೆದೆ.

ಬೋರ್ಡಿನ ತಲೆಯ ಕಡೆಗೆ ಒಂದು ಇಟ್ಟಿಗೆ ಕೊಟ್ಟು ಸ್ವಲ್ಪ ಓರೆ ಮಾಡಿ. ಮೊದಲ ಲೇಪ ಹಣೆಯಿಂದ ಕುತ್ತಿಗೆಯ ತನಕ, ಕಣ್ಣು ತುಟಿಗಳ ಮೇಲೂ ಹಾದು, ಒಂದೇ ಓಟಕ್ಕೆ. ಹಣೆ, ಕೆನ್ನೆಮೂಳೆ, ಮೂಗಿನ ತುದಿಯ ಹೊಳಪನ್ನು ಮಾತ್ರ ಬಿಟ್ಟುಕೊಳ್ಳಬೇಕು. ಓಕರ್ ಮತ್ತು ರೋಸ್ ಸಮನಾಗಿ, ಚೂರು ಸಿಯೆನ್ನಾ. ಕಾಗದ ಹೊಳೆಯುತ್ತಿರುವಾಗಲೇ ಕೆನ್ನೆ, ಮೂಗು, ಕಿವಿಗೆ ರೋಸ್ ತಾಗಿಸಿ. ಗಂಡಸರ ಬೋಳಿಸಿದ ಗದ್ದಕ್ಕೆ ಸೆರೂಲಿಯನ್. ಜಲವರ್ಣ ಒಣಗಿದಾಗ ತಿಳಿಯಾಗುತ್ತದೆ, ಆದ್ದರಿಂದ ಒದ್ದೆಯಿರುವಾಗ ತುಸು ಹೆಚ್ಚೇ ಎನ್ನಿಸುವಷ್ಟು ಗಾಢವಾಗಿರಲಿ. ಹೊಳಪು ಆರಿ ಮಾಸಲಾಗಲು ತೊಡಗಿತೋ, ಕೈ ಹಿಂದಕ್ಕೆ. ಆ ಹೊತ್ತಿನಲ್ಲಿ ಒದ್ದೆ ಕುಂಚ ತಾಗಿಸಿದರೆ ಹೂಕೋಸಿನಂಥ ಅಂಚು ಎದ್ದು ಕೂರುತ್ತದೆ. ನಮ್ಮ ಹವೆಯಲ್ಲಿ ಈ ಹೊತ್ತು ಬಹಳ ಉದ್ದ. ಬೆಂಗಳೂರಿನ ಅಭ್ಯಾಸದವರು ಒಣಗಿತೆಂದು ಬಗೆದು ಮುಟ್ಟಿಬಿಡುತ್ತಾರೆ. ಬೆರಳಿನ ಹಿಂಬದಿಯನ್ನು ಕಾಗದದ ಹತ್ತಿರ ತಂದು ನೋಡಲು ಹೇಳಿ, ತಣ್ಣಗಿದ್ದರೆ ಇನ್ನೂ ಒದ್ದೆಯೆಂದೇ ಅರ್ಥ.

ಎರಡನೆಯ ಲೇಪ ನೆರಳಿಗೆ. ಕಣ್ಣಿನ ಗೂಡು, ಮೂಗಿನ ಪಕ್ಕ, ಮೂಗಿನ ಅಡಿ, ಮೇಲ್ತುಟಿ, ಕೆಳತುಟಿಯ ಕೆಳಗೆ, ಗದ್ದ, ಕುತ್ತಿಗೆ ಇವೆಲ್ಲ ಬಿಡಿಬಿಡಿಯಲ್ಲ, ಒಂದಕ್ಕೊಂದು ಕೂಡಿಕೊಂಡ ಒಂದೇ ಆಕಾರ. ಕಣ್ಣು ಅರ್ಧ ಮುಚ್ಚಿ ನೋಡಿದರೆ ಇದು ಕಾಣುತ್ತದೆ. ಬಿಡಿಸಿ ಬರೆದವರ ಮುಖ ಒಡೆದು ಕಾಣುತ್ತದೆ, ಕೂಡಿಸಿ ಬರೆದವರ ಮುಖ ನಿಲ್ಲುತ್ತದೆ. ಮೂರನೆಯದು ಬಹಳ ಕಡಿಮೆ: ಪಾಪೆ, ಮೂಗಿನ ಹೊಳ್ಳೆ, ತುಟಿಗಳು ಕೂಡುವ ಗೆರೆ. ಕಣ್ಣಿನ ಬಿಳಿಯನ್ನು ಬಿಳಿಯಾಗಿ ಬಿಡಬೇಡಿ, ಅದು ರೆಪ್ಪೆಯ ನೆರಳಿನಲ್ಲಿದೆ.

ಕಪ್ಪು ಮೈಬಣ್ಣ ಬರೆಯಲು ಹೆಚ್ಚಿನವರು ಹೆದರುತ್ತಾರೆ, ಹೆದರಿ ತಿಳಿ ಮಾಡುತ್ತಾರೆ. ಕೂತವರಿಗೆ ಅದು ಅವಮಾನ. ಇದನ್ನು ಸ್ಪಷ್ಟವಾಗಿ ಹೇಳಿ. ಮೊದಲ ಲೇಪದಲ್ಲೇ ಸಿಯೆನ್ನಾ ಮತ್ತು ರೋಸ್ ಧಾರಾಳವಾಗಿರಲಿ. ನೆರಳಿಗೆ ಸಿಯೆನ್ನಾ ಮತ್ತು ಅಲ್ಟ್ರಾಮರೀನ್, ಪ್ಯಾಲೆಟ್ಟಿನಲ್ಲಿ ಪೂರ್ತಿ ಕಲಸದೆ ಕಾಗದದ ಮೇಲೆಯೇ ಬೆರೆಯಲು ಬಿಟ್ಟರೆ ಆ ಗಾಢತೆಯೊಳಗೆ ಬೆಚ್ಚಗಿನದೂ ತಣ್ಣಗಿನದೂ ಎರಡೂ ಉಳಿಯುತ್ತವೆ. ಹಣೆಯ ಹೊಳಪು ಆಕಾಶದಿಂದ ಬಂದದ್ದು, ಅದಕ್ಕೆ ನೀರಾದ ಸೆರೂಲಿಯನ್ನಿನ ಒಂದು ಸವರು. ಲೈನ್‌ಮನೆಯ ಅಕ್ಕನೊಬ್ಬರು ತಮ್ಮ ಚಿತ್ರ ನೋಡಿ, ‘ನನ್ನ ಬಣ್ಣವನ್ನೇ ಹಾಕಿದ್ದಾರೆ’ ಎಂದು ಪಕ್ಕದವರಿಗೆ ಹೇಳಿದರು. ಬರೆದ ಹುಡುಗಿಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ನಾನೇನು ಕೊಡಲಿ?

ಸುಕ್ಕು ಇನ್ನೊಂದು ತೊಡಕು. ಹೊಸಬರು ಕಂಡ ಸುಕ್ಕನ್ನೆಲ್ಲ ಗೆರೆಯಾಗಿ ಎಳೆಯುತ್ತಾರೆ. ಸುಕ್ಕು ಗೆರೆಯಲ್ಲ, ಒಂದು ಪುಟ್ಟ ನೆರಳು: ಒಂದು ಅಂಚು ಚೂಪು, ಇನ್ನೊಂದು ಅಂಚು ಕರಗಿಹೋಗುವಂಥದ್ದು. ಕುಂಚದಿಂದ ಒಂದು ಪಟ್ಟಿ ಎಳೆದು, ಒಂದು ಬದಿಯನ್ನು ನೀರಿನ ಕುಂಚದಿಂದ ಮೆದು ಮಾಡಲು ಕಲಿಸಿ. ಮೂರು ಸುಕ್ಕು ಆರಿಸಿಕೊಳ್ಳಿ, ಉಳಿದವನ್ನು ಬಿಡಿ ಎನ್ನುತ್ತೇನೆ. ಬಿಳಿಕೂದಲಿಗೆ ಬಣ್ಣವೇ ಬೇಡ, ಹಿಂದಿನ ಗೋಡೆಯನ್ನು ಗಾಢ ಮಾಡಿ ಕಾಗದವನ್ನು ಬಿಟ್ಟುಕೊಂಡರೆ ಕೂದಲು ತಾನೇ ಬರುತ್ತದೆ. ಚೇಲೆಯ ಜರಿಯೂ ಹಾಗೆಯೇ: ಮೊದಲು ಓಕರ್ ಹಾಕಿ ಒಣಗಿಸಿ, ಜರಿಯಿರುವ ಕಡೆ ಬಿಟ್ಟು ಸುತ್ತ ಕೆಂಪು ತುಂಬಬೇಕು. ಕಪ್ಪು ಕುಪ್ಯಕ್ಕೆ ಅಲ್ಟ್ರಾಮರೀನ್–ಸಿಯೆನ್ನಾ ದಪ್ಪವಾಗಿ ಕಲಸಿದರೆ ಟ್ಯೂಬಿನ ಕಪ್ಪಿಗಿಂತ ಜೀವ ಹೆಚ್ಚು.

ತಿದ್ದುವುದು

ಕಲಿಯುವವರ ಚಿತ್ರದ ಮೇಲೆ ನಿಮ್ಮ ಕುಂಚ ಇಡಬೇಡಿ. ಎಷ್ಟೇ ಬೇಡಿಕೊಂಡರೂ ಬೇಡ. ಪಕ್ಕದಲ್ಲಿ ಒಂದು ಚೂರು ಕಾಗದದ ಮೇಲೆ ಆ ಮೂಗನ್ನಷ್ಟೇ ಬರೆದು ತೋರಿಸಿ, ಅವರೇ ತಿದ್ದಿಕೊಳ್ಳಲಿ. ನೀವು ತಿದ್ದಿದ ಚಿತ್ರವನ್ನು ಅವರು ಮನೆಗೆ ಒಯ್ದು ಅಟ್ಟಕ್ಕೆ ಹಾಕುತ್ತಾರೆ. ಕೂತವರ ಕಿವಿಗೆ ಬೀಳುವಂತೆ ಅವರ ಮುಖದ ಬಗ್ಗೆ ಮಾತಾಡುವಾಗ ಎಚ್ಚರ ಬೇಕು. ‘ಮೂಗು ದಪ್ಪ ಆಯಿತು’ ಎನ್ನುವ ಬದಲು ‘ನೆರಳು ಅಗಲವಾಯಿತು’ ಎನ್ನಿ, ವಿಷಯವೂ ಅದೇ. ಅವರನ್ನು ಮಾಡೆಲ್ ಎಂದು ಕರೆಯುವುದೂ ಬೇಡ. ಅಜ್ಜಿ, ಅಕ್ಕ, ಸುಬೇದಾರರೇ ಎಂದು ಬಾಯಿ ತುಂಬ ಕರೆಯುವುದನ್ನು ಮೊದಲ ದಿನವೇ ರೂಢಿ ಮಾಡಿಸಿ.

ಕೊನೆಯ ದಿನ

ಮಧ್ಯಾಹ್ನ ಮೂರಕ್ಕೆ ಎಲ್ಲ ಚಿತ್ರಗಳನ್ನು ಜಗಲಿಯ ಉದ್ದಕ್ಕೂ ಇಟ್ಟು, ಕೂತವರ ಮನೆಯವರನ್ನು, ನೆರೆಯವರನ್ನು ಕರೆಯಿರಿ. ಕಡಂಬುಟ್ಟು (ಅಕ್ಕಿ ತರಿಯ ಉಂಡೆ), ಕಾಫಿ ಇರಲಿ. ಐದೂವರೆಯೊಳಗೆ ಎಲ್ಲರನ್ನೂ ಹೊರಡಿಸಿ. ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ಆನೆಯ ಭಯವಿದೆ, ನಡೆದು ಹೋಗುವ ಕೂಲಿಯವರನ್ನು ಜೀಪಿನಲ್ಲಿ ಬಿಟ್ಟುಬರುವ ವ್ಯವಸ್ಥೆಯೂ ನಿಮ್ಮದೇ.

ತಮ್ಮನ್ನು ಬರೆದ ಚಿತ್ರಗಳಲ್ಲಿ ಒಂದನ್ನು ಕೂತವರು ಆರಿಸಿಕೊಳ್ಳಬೇಕು, ಅದು ಅವರಿಗೆ ಸೇರುತ್ತದೆ. ಶಿಬಿರಕ್ಕೆ ಹೆಸರು ಕೊಡುವಾಗಲೇ ಈ ಷರತ್ತನ್ನು ಎಲ್ಲರಿಂದಲೂ ಒಪ್ಪಿಸಿಕೊಳ್ಳಿ. ನಾವು ಶ್ರೇಷ್ಠವೆಂದುಕೊಂಡ ಚಿತ್ರವನ್ನು ಅವರು ಆರಿಸುವುದೇ ಇಲ್ಲ ಎಂಬುದೂ ಉಂಟು. ಏಕೆಂದು ಕೇಳಿ, ಅವರ ಉತ್ತರವನ್ನು ಬರೆದವರು ಕೇಳಿಸಿಕೊಳ್ಳಲಿ. ‘ಇದರಲ್ಲಿ ನಾನು ಏನೋ ಯೋಚನೆ ಮಾಡುತ್ತಿದ್ದೇನೆ’ ಎಂದು ರೈಟರ್ ಒಂದು ಅರೆಬರೆ ಚಿತ್ರವನ್ನು ಎತ್ತಿಕೊಂಡಿದ್ದರು.

ಉಳಿದ ಚಿತ್ರಗಳನ್ನು ನಡುವೆ ಬಟರ್ ಪೇಪರ್ ಇಟ್ಟು, ಎರಡು ಪ್ಲೈವುಡ್ ಹಲಗೆಗಳ ನಡುವೆ ಕಟ್ಟಿ ಕಳಿಸಿ. ಸುರುಳಿ ಸುತ್ತಬೇಡಿ. ಕೂತವರಿಗೆ ಕೊಡುವ ಚಿತ್ರಕ್ಕೆ ಚೌಕಟ್ಟು ಹಾಕಿಸುವ ಖರ್ಚು ಶಿಬಿರದ್ದೇ. ಗಾಜು ಕಾಗದಕ್ಕೆ ತಾಗದಂತೆ ಮಧ್ಯೆ ದಪ್ಪ ರಟ್ಟಿನ ಮೌಂಟ್ ಇರಲಿ, ತಾಗಿದರೆ ಮೊದಲ ಮಳೆಗಾಲದಲ್ಲೇ ಬೂಷ್ಟು ಹಿಡಿಯುತ್ತದೆ. ಹಿಂಬದಿಯ ಕೆಳಗಿನ ಎರಡು ಮೂಲೆಗಳಿಗೆ ಬಾಟಲಿಯ ಬೆಂಡಿನ ತುಂಡು ಅಂಟಿಸಿದರೆ ಗೋಡೆಗೂ ಚೌಕಟ್ಟಿಗೂ ನಡುವೆ ಗಾಳಿಯಾಡುತ್ತದೆ. ನೀವೇ ಹೋಗಿ, ಮಳೆ ಬಡಿಯುವ ಗೋಡೆ ಬಿಟ್ಟು ಮನೆಯ ಒಳಗೋಡೆಗೆ, ಒಲೆಯ ಹೊಗೆಗೆ ದೂರವಾಗಿ, ಅವರು ತೋರಿಸಿದ ಎತ್ತರಕ್ಕೆ ಮೊಳೆ ಹೊಡೆದು ಹಾಕಿ ಬನ್ನಿ.